ಬಿ ಫಾರಂಗೆ ಸಹಿ ಹಾಕುವ ಕೈ

2018ರ ಫೆಬ್ರುವರಿಯಲ್ಲಿ ಯಲಹಂಕದಲ್ಲಿ ಜೆಡಿಎಸ್ ಸಮಾವೇಶ ನಡೆಯಿತು. ಮಾಯಾವತಿಯವರೂ ಬಂದಿದ್ದರು. ಅಂದೇ 126 ಅಭ್ಯರ್ಥಿಗಳ ಪಟ್ಟಿ ಹೊರಬಿತ್ತು. ಸೇರಿದ್ದ ಕಾರ್ಯಕರ್ತರ ಪಾಲಿಗೆ ಉಳಿದದ್ದು ಚಪ್ಪಾಳೆ. 2023ರಲ್ಲಿ ಹಾಸನದ ಟಿಕೆಟ್ ಭವಾನಿ ರೇವಣ್ಣ ಅವರಿಗೋ, ಸಾಮಾನ್ಯ ಕಾರ್ಯಕರ್ತನಿಗೋ ಎಂಬ ಜೆಡಿಎಸ್ ನಾಯಕರ ಮನೆಜಗಳವನ್ನು ರಾಜ್ಯವೇ ಟೀವಿಯಲ್ಲಿ ನೋಡಿತು. ಕೊನೆಗೆ ಟಿಕೆಟ್ ಪಡೆದು ಗೆದ್ದ ಸ್ವರೂಪ್ ಪ್ರಕಾಶ್ ಮಾಜಿ ಶಾಸಕರ ಮಗ. ಸಾಮಾನ್ಯ ಅಂದರೆ ಅಷ್ಟು ಸಾಮಾನ್ಯ!

ಆ ಮನೆಯ ರೀತಿ ನಮಗೆ ಹೊಸದಲ್ಲ. ನನ್ನ ತಕರಾರು ಇರುವುದು 'ನಾವು ಬೇರೆ' ಎನ್ನುತ್ತ ಬರುವ ಪುಟ್ಟ ಪಕ್ಷಗಳ ಜೊತೆ.

ನಟ ಉಪೇಂದ್ರ ಅವರ ಪ್ರಜಾಕೀಯ ನೆನಪಿದೆಯಲ್ಲ? 2017ರ ಅಕ್ಟೋಬರ್‌ನಲ್ಲಿ ಕೆಪಿಜೆಪಿ ಎಂಬ ಪಕ್ಷದ ಹೆಸರಿನಲ್ಲಿ ಶುರುವಾಯಿತು. ಗುರುತು ಆಟೊರಿಕ್ಷಾ. ರಾಜಕಾರಣಿ ಬೇಡ, ಸಂಬಳಕ್ಕೆ ದುಡಿಯುವ ಕಾರ್ಮಿಕ ಬೇಕು ಎಂಬ ಮಾತು ನಮ್ಮ ವಿಜಯನಗರದ ಹುಡುಗರಿಗೂ ಹಿಡಿಸಿತ್ತು. ಆದರೆ ಪಕ್ಷ ನೋಂದಾಯಿಸಿದವರು ಬೇರೆಯವರು. ಟಿಕೆಟ್ ಯಾರು ಕೊಡಬೇಕು ಎಂಬಲ್ಲಿಗೆ ಬಂದಾಗ ಗಾಡಿ ನಿಂತಿತು. ಸ್ಥಾಪಕರಿಗೂ ನಟರಿಗೂ ಜಟಾಪಟಿಯಾಗಿ 2018ರ ಮಾರ್ಚ್‌ನಲ್ಲಿ ಉಪೇಂದ್ರ ಹೊರನಡೆದರು. ಅವರು ಇಳಿದ ಆಟೊ ಹತ್ತಿದ ಆರ್. ಶಂಕರ್ ರಾಣೆಬೆನ್ನೂರಿನಲ್ಲಿ ಗೆದ್ದರು, ಮಂತ್ರಿಯಾದರು, 2019ರಲ್ಲಿ ಪಕ್ಷವನ್ನೇ ಕಾಂಗ್ರೆಸ್ಸಿನಲ್ಲಿ ಕರಗಿಸಿದರು, ಅದೇ ಜುಲೈನಲ್ಲಿ ಅನರ್ಹರೂ ಆದರು.

ಆ ಜಗಳದಲ್ಲಿ ಸದಸ್ಯರನ್ನು ಕರೆದು ವೋಟು ಹಾಕಿಸೋಣ ಎಂಬ ದಾರಿ ಹಿಡಿದಿದ್ದರೆ, ಪಕ್ಷ ಇಬ್ಬರದೂ ಅಲ್ಲ ಎಂಬುದಾದರೂ ಗೊತ್ತಾಗುತ್ತಿತ್ತು. ವಿಧಾನಸಭೆಗೆ ನಿಲ್ಲುವಾಗ ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು; ಮಾನ್ಯತೆಯಿಲ್ಲದ ಪಕ್ಷದವನಿಗೆ ಕ್ಷೇತ್ರದ 10 ಮತದಾರರು ಸಹಿ ಹಾಕಬೇಕು. ಕಾನೂನು ಹತ್ತು ಜನರನ್ನು ಕೇಳುತ್ತದೆ. ಪಕ್ಷಕ್ಕೆ ಮಾತ್ರ ಟಿಕೆಟ್ ಖಚಿತಪಡಿಸುವ ಬಿ ಫಾರಂ ಮೇಲೆ ಒಂದೇ ಸಹಿ ಸಾಕು.

'ಒಳಚುನಾವಣೆ ಮಾಡಿದವರು ಏನು ಕಿಸಿದರು?' ಎಂದು ಕೇಳುವವರಿದ್ದಾರೆ. ಕೇಳಲಿ. 2014ರಲ್ಲಿ ಕಾಂಗ್ರೆಸ್ ದೇಶದ ಕೆಲವೇ ಲೋಕಸಭಾ ಕ್ಷೇತ್ರಗಳಲ್ಲಿ ಅದನ್ನು ಮಾಡಿ ನೋಡಿತು. ಕರ್ನಾಟಕದ ಪಾಲಿಗೆ ಎರಡು: ದಕ್ಷಿಣ ಕನ್ನಡ, ಮತ್ತು ಕೆಂಗೇರಿಯೂ ಸೇರಿದ ಬೆಂಗಳೂರು ಉತ್ತರ. ಅಲ್ಲಿ ಜನಾರ್ದನ ಪೂಜಾರಿ, ಇಲ್ಲಿ ಸಿ. ನಾರಾಯಣಸ್ವಾಮಿ ಒಳಗೆ ಗೆದ್ದು ಹೊರಗೆ ಸೋತರು. ಪಕ್ಷ ಆ ಪ್ರಯೋಗವನ್ನು ಅಲ್ಲಿಗೇ ಮರೆತುಬಿಟ್ಟಿತು. ಸೋತದ್ದೇ ಕಾರಣವಾದರೆ, 2019ರ ಮಂಡ್ಯದಲ್ಲಿ ಅದೇ ಜೆಡಿಎಸ್ ಮನೆಯ ನಿಖಿಲ್ ಪಕ್ಷೇತರರಾಗಿದ್ದ ಸುಮಲತಾ ಎದುರು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತಾಗ ಮನೆಯೊಳಗೆ ಟಿಕೆಟ್ ಹಂಚುವ ಪದ್ಧತಿಯನ್ನೂ ಮರೆಯಬೇಕಿತ್ತಲ್ಲವೇ? ದುಡ್ಡಿರುವವನು ಸದಸ್ಯತ್ವವನ್ನೇ ಸಗಟಾಗಿ ಕೊಳ್ಳುತ್ತಾನೆ ಎಂಬ ಭಯ ಮಾತ್ರ ನಿಜ. ಅದಕ್ಕೆ ವರ್ಷ ತುಂಬಿದ ಸದಸ್ಯನಿಗಷ್ಟೇ ವೋಟು ಎಂದು ನಿಯಮ ಮಾಡಿದರಾಯಿತು.

2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಬೆಂಗಳೂರು ವರ್ಷಗಟ್ಟಲೆ ಕಾರ್ಪೊರೇಟರ್ ಇಲ್ಲದೆ ಕಳೆಯಿತು. ಈಗ ಊರು ಐದು ಪಾಲಿಕೆಗಳಾಗಿದೆ. ಪಶ್ಚಿಮಕ್ಕೇ 112 ವಾರ್ಡು. ಅಭ್ಯರ್ಥಿಯನ್ನು ಆರಿಸಲು ಒಂದು ವಾರ್ಡಿನಲ್ಲಿ ಪಕ್ಷದ ಐವತ್ತು ಸದಸ್ಯರಿದ್ದರೂ ಸಾಕು, ಒಂದು ಭಾನುವಾರ, ಒಂದು ಕಲ್ಯಾಣ ಮಂಟಪದ ಊಟದ ಹಾಲ್, ಒಂದು ಡಬ್ಬಿ. ಅಷ್ಟೂ ಮಾಡಲಾಗದ ಪಕ್ಷ ನಾಳೆ ವಾರ್ಡ್ ಸಮಿತಿಯಲ್ಲಿ ಜನರ ಮಾತು ಕೇಳುತ್ತದೆಂದು ನಾನು ನಂಬಲಾರೆ. ಕರಪತ್ರ ಹಿಡಿದು ಬಸವೇಶ್ವರನಗರದ ಮನೆ ಮನೆ ಹತ್ತುವವರೇ, ಬೋರ್‌ವೆಲ್, ಚರಂಡಿ ಮಾತು ಆಮೇಲೆ. ನಿಮ್ಮ ಪಕ್ಷದೊಳಗೆ ನಿಮ್ಮೆದುರು ಯಾರು ನಿಂತಿದ್ದರು? ಅವರಿಗೆ ಎಷ್ಟು ವೋಟು ಬಿತ್ತು?