ಊಟಕ್ಕೆ ಅರ್ಧ ಗಂಟೆ ಮೊದಲು

ಬೆಳಿಗ್ಗೆ ಏಳಕ್ಕೆ ಸರಿಯಾಗಿ ನಮ್ಮ ಮನೆಯಲ್ಲಿ ಗಂಟೆ ಬಾರಿಸುತ್ತದೆ. ದೇವರ ಮನೆಯದಲ್ಲ; ಮೊಮ್ಮಗಳು ಲೋಟಕ್ಕೆ ಚಮಚ ಬಡಿಯುವ ಸದ್ದು. “ತಾತ, ಮಾತ್ರೆ! ಏಳೂವರೆಗೆ ತಿಂಡಿ!” ಆರನೇ ಕ್ಲಾಸಿನ ಹುಡುಗಿ ಹೀಗೆ ಕಾವಲು ನಿಂತಿರುವುದಕ್ಕೆ ನನ್ನ ತಪ್ಪೇ ಕಾರಣ.

ಮಂಡಿನೋವಿಗೆಂದು ಡಾಕ್ಟರು ಐದು ದಿನಕ್ಕೆ ನೋವಿನ ಮಾತ್ರೆ ಬರೆದುಕೊಟ್ಟಿದ್ದರು. ನಾನು ಹಳೆಯ ಸ್ಟ್ರಿಪ್ಪನ್ನೇ ಅಂಗಡಿಯಲ್ಲಿ ತೋರಿಸಿ ಐದು ತಿಂಗಳು ನುಂಗಿದೆ. ರಾತ್ರಿ ಹೊಟ್ಟೆ ಉರಿದರೆ ‘ಗ್ಯಾಸು’ ಎಂದು ಮಜ್ಜಿಗೆ ಕುಡಿದೆ. ಒಂದು ದಿನ ಮಲ ಡಾಂಬರಿನ ಹಾಗೆ ಕಪ್ಪಾಗಿತ್ತು. ಹೇಳಲು ಸಂಕೋಚ; ಎರಡು ದಿನ ಮುಚ್ಚಿಟ್ಟೆ. ಮೂರನೆಯ ದಿನ ಮೆಟ್ಟಿಲ ಮೇಲೆ ತಲೆಸುತ್ತಿ ಕುಸಿದೆ. ಎಂಡೋಸ್ಕೋಪಿಯಲ್ಲಿ ಗೊತ್ತಾಯಿತು: ಜಠರದಲ್ಲಿ ಹುಣ್ಣು, ಅದರಿಂದ ರಕ್ತ ಒಸರುತ್ತಿತ್ತು.

“ಖಾರ ತಿಂದಿದ್ದಕ್ಕಾ?” ಎಂದು ಮೊಮ್ಮಗಳು ಡಾಕ್ಟರನ್ನು ಕೇಳಿದಳು. ಅವರು ನಕ್ಕು ವಿವರಿಸಿದರು. ಜಠರದಲ್ಲಿ ಆಮ್ಲವಿರುತ್ತದೆ, ಅದು ಜಠರವನ್ನೇ ಸುಡದಂತೆ ಒಳಗೋಡೆಗೆ ಲೋಳೆಯ ಲೇಪವಿರುತ್ತದೆ. ಕೆಲವು ನೋವಿನ ಮಾತ್ರೆಗಳು ಆ ಲೇಪವನ್ನು ತೆಳುವಾಗಿಸುತ್ತವೆ. ಇನ್ನೊಂದು ದೊಡ್ಡ ಕಾರಣ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇದನ್ನು ಯಾರೂ ನಂಬದಿದ್ದಾಗ ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ತಾವೇ ಕುಡಿದುಬಿಟ್ಟರು! ಕೆಲವೇ ದಿನಗಳಲ್ಲಿ ವಾಂತಿ, ಜಠರದಲ್ಲಿ ಉರಿಯೂತ. 2005ರಲ್ಲಿ ಅವರಿಗೂ ರಾಬಿನ್ ವಾರೆನ್‌ರಿಗೂ ನೊಬೆಲ್ ಬಹುಮಾನ ಬಂತು. ಆ ಬ್ಯಾಕ್ಟೀರಿಯಾ ಇದ್ದರೆ ಆ್ಯಂಟಿಬಯಾಟಿಕ್ ಕೂಡ ಬೇಕು. ಪರೀಕ್ಷೆಯಲ್ಲಿ ನನಗೆ ಅದಿರಲಿಲ್ಲ.

ನೋವಿನ ಮಾತ್ರೆ ನಿಂತಿತು. ಎಂಟು ವಾರಕ್ಕೆ ಒಮೆಪ್ರಜೋಲ್ ಬರೆದುಕೊಟ್ಟರು. ಜಠರದ ಗೋಡೆಯಲ್ಲಿ ಆಮ್ಲ ಸುರಿಸುವ ಅತಿ ಸಣ್ಣ ಪಂಪುಗಳಿವೆ. ಊಟ ಮಾಡಿದಾಗ ಅವು ಚುರುಕಾಗುತ್ತವೆ. ಆ ಹೊತ್ತಿಗೆ ಔಷಧಿ ರಕ್ತದಲ್ಲಿ ಸಿದ್ಧವಿದ್ದರೆ ಪಂಪುಗಳನ್ನು ತಡೆಯುತ್ತದೆ, ಹುಣ್ಣು ಮಾಯಲು ಬಿಡುವು ಸಿಗುತ್ತದೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು. ಕ್ಯಾಪ್ಸೂಲನ್ನು ಅಗಿಯದೆ ನುಂಗಬೇಕು.

ಎರಡು ವಾರಕ್ಕೇ ಉರಿ ಹೋಯಿತು. ಇನ್ನೇಕೆ ಎಂದು ಸುಮ್ಮನಾದೆ. ಮೊಮ್ಮಗಳು ಡಬ್ಬಿ ತೆರೆದು ಎಣಿಸಿದಳು. “ಆರು ಉಳಿಯಬೇಕಿತ್ತು ತಾತ, ಒಂಬತ್ತಿದೆ!” ಬ್ಯಾಂಕಿನಲ್ಲಿ ಜೀವಮಾನವಿಡೀ ಊರವರ ಲೆಕ್ಕ ತಾಳೆ ನೋಡಿದವನು ಸಿಕ್ಕಿಬಿದ್ದೆ. ಉರಿ ಹೋದ ಮಾತ್ರಕ್ಕೆ ಹುಣ್ಣು ಮಾಯಿತೆಂದಲ್ಲ ಎಂದು ಡಾಕ್ಟರು ಗದರಿದರು. ಅಂದಿನಿಂದ ಈ ಚಮಚದ ಗಂಟೆ.

ಅಜ್ಜ ಅಜ್ಜಿಯರೇ, ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ಇದನ್ನೋದಿ ಹೆದರಿ ನಿಲ್ಲಿಸಬೇಡಿ. ಹುಣ್ಣಾಗದಂತೆ ಜೊತೆಗೆ ಇಂಥ ಮಾತ್ರೆ ಬೇಕೇ ಎಂದು ಡಾಕ್ಟರನ್ನೇ ಕೇಳಿ. ಹಾಗೆಂದು ಇದನ್ನೂ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವುದು ಬೇಡ. ಮಲ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಮಕ್ಕಳೇ, ದೊಡ್ಡವರ ಮಾತ್ರೆ ನೀವು ಬಾಯಿಗೆ ಹಾಕಬಾರದು. ಆದರೆ ಎಣಿಸಬಹುದು. ಲೆಕ್ಕ ತಪ್ಪಿದ್ದರೆ ಮನೆಯವರಿಗೆಲ್ಲ ಕೇಳುವಂತೆ ಹೇಳಿಬಿಡಿ. ಅದು ಚಾಡಿಯಲ್ಲ.