ಬಿಟ್ಟ ಕೆಲಸವನ್ನು ಮರಳಿ ಹಿಡಿಯುವುದು

ಬಾಲ್ಯದಲ್ಲಿ ಕಾರಿನ ಪುಟ್ಟ ಮಾದರಿಗಳನ್ನು ಜೋಡಿಸುತ್ತಿದ್ದ ಅನೇಕರು ಪರೀಕ್ಷೆಗಳ ಭಾರದಿಂದ ಆ ಹವ್ಯಾಸವನ್ನು ತೊರೆಯುತ್ತಾರೆ. ಕೆಲವು ವರ್ಷಗಳ ತರುವಾಯ ಅದನ್ನು ಮರಳಿ ಹಿಡಿದರೆ, "ಇನ್ನೂ ಮಕ್ಕಳಾಟವೇ?" ಎಂದು ಹಿರಿಯರು ಕೇಳುವುದುಂಟು. ಈ ಮಾತು ಯುಕ್ತವಲ್ಲವೆಂಬುದು ನನ್ನ ಅಭಿಪ್ರಾಯ.

ಕಾಶಿಯ ಸಮೀಪದ ಸಾರನಾಥವನ್ನು ನೋಡಿರಿ. ಸುಮಾರು 28 ಮೀಟರ್ ವ್ಯಾಸದ ಧಮೇಖ ಸ್ತೂಪವಿರುವ ಆ ಕ್ಷೇತ್ರದಲ್ಲಿಯೇ ಯಾತ್ರಿಕರು ಹರಕೆಯಾಗಿ ಕಟ್ಟಿಸಿದ ಕಿರುಸ್ತೂಪಗಳೂ ಹಲವಿವೆ. ಅಳತೆ ಕಿರಿದಾದ ಮಾತ್ರಕ್ಕೆ ಅವನ್ನು ಯಾರೂ ಆಟಿಕೆಯೆನ್ನರು. ಅಲ್ಲಿನ ಸಿಂಹಶೀರ್ಷದ ಪೀಠದಲ್ಲಿ ಶಿಲ್ಪಿಯು ಬಿಡಿಸಿದ 24 ಅರಗಳ ಸಣ್ಣ ಚಕ್ರವೇ 1947ರಲ್ಲಿ ನಮ್ಮ ರಾಷ್ಟ್ರಧ್ವಜವನ್ನು ಅಲಂಕರಿಸಿತು. ಕಿರಿದರಲ್ಲಿ ತೋರಿದ ಶ್ರದ್ಧೆ ಕಿರಿದಲ್ಲ.

ಮಾದರಿಯ ರಚನೆಯೂ ಅಂಥದೇ. 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರ್ ಕಾರಿನ ಉದ್ದ ಸುಮಾರು 4.3 ಮೀಟರ್, ಇಪ್ಪತ್ತನಾಲ್ಕನೆಯ ಒಂದು ಪಾಲಿಗೆ ಇಳಿಸಿದರೆ ಅದು 18 ಸೆಂಟಿಮೀಟರ್. ಬಾಗಿಲು, ಕಿಟಕಿ, ಚಕ್ರ ಎಲ್ಲವೂ ಅದೇ ಪ್ರಮಾಣದಲ್ಲಿ ಇಳಿಯಬೇಕು. ಎರಡು ಅಚ್ಚುಗಳು ಒಂದಕ್ಕೊಂದು ಸಮಾಂತರವಾಗಿರದಿದ್ದರೆ ಕಾರು ನೇರವಾಗಿ ಉರುಳದು. ಗಣಿತವೂ ತಾಳ್ಮೆಯೂ ಇಲ್ಲಿ ಒಂದಾಗುತ್ತವೆ.

ಬಹುಕಾಲ ಬಿಟ್ಟವನ ಕೈ ಮೊದಲು ತಡವರಿಸುವುದು ಸಹಜ. ಆದರೆ ಬಾಲ್ಯದಲ್ಲಿ ಕಾಣದಿದ್ದ ಸೂಕ್ಷ್ಮಗಳನ್ನು ಅವನ ಕಣ್ಣು ಈಗ ಕಾಣುತ್ತದೆ. ಆದುದರಿಂದ, ಗೆಳೆಯರೇ, ರಜೆ ಬಂದೊಡನೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ನಿಸ್ಸಂಕೋಚವಾಗಿ ಕೆಳಗಿಳಿಸಿರಿ.