ಒಂದು ವಾದ್ಯಕ್ಕೆ ಇಪ್ಪತ್ತು ವರ್ಷ

ಮದುವೆ ಚಪ್ಪರವಿರಲಿ, ಜಾತ್ರೆಯ ಉತ್ಸವವಿರಲಿ, ಬಾಗೂರಿನಂಥ ಊರಿನಲ್ಲೂ ಇಂದು ನಾಗಸ್ವರದ ಜಾಗದಲ್ಲಿ ಸ್ಯಾಕ್ಸೋಫೋನ್ ಕೇಳಿಬಂದರೆ ಯಾರೂ ಅಚ್ಚರಿಪಡುವುದಿಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ ಈ ಹಿತ್ತಾಳೆಯ ವಾದ್ಯ ಹೆಸರು ಮಾಡಿದ್ದು ಮಿಲಿಟರಿ ಬ್ಯಾಂಡು ಮತ್ತು ಜಾಝ್ ಸಂಗೀತದಲ್ಲಿ. ಅದು ತ್ಯಾಗರಾಜರ ಕೃತಿಗಳನ್ನು ನುಡಿಯುವಂತಾದದ್ದರ ಹಿಂದೆ ಕರ್ನಾಟಕದ ಕಲಾವಿದರೊಬ್ಬರ ಸುಮಾರು ಎರಡು ದಶಕಗಳ ದುಡಿಮೆಯಿದೆ.

ಕದ್ರಿ ಗೋಪಾಲನಾಥ್ ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನ ಮೊದಲ ಪಾಠವೂ ನಾಗಸ್ವರವೇ. ಎಳೆಯ ವಯಸ್ಸಿನಲ್ಲಿ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಹುಡುಗನ ಮನಸ್ಸು ಅದರಲ್ಲೇ ನೆಟ್ಟಿತು.

ಆದರೆ ಕರ್ನಾಟಕ ಸಂಗೀತದ ಜೀವ ಗಮಕದಲ್ಲಿದೆ. ಸ್ವರದಿಂದ ಸ್ವರಕ್ಕೆ ಜಾರಬೇಕು, ತೂಗಬೇಕು. ನಾಗಸ್ವರದಲ್ಲಿ ಬೆರಳು ರಂಧ್ರದ ಮೇಲೆಯೇ ಇರುವುದರಿಂದ ಅರೆಬರೆ ಮುಚ್ಚಿ, ಉಸಿರು ತಿದ್ದಿ ಗಮಕ ತರಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳಿವೆ. ಒತ್ತಿದರೆ ಒಂದು ಸ್ವರ, ಬಿಟ್ಟರೆ ಇನ್ನೊಂದು. ನಡುವಿನ ಹಾದಿಯನ್ನು ತುಟಿ ಮತ್ತು ಉಸಿರಿನಿಂದ ಹುಡುಕಬೇಕು. ಗೋಪಾಲನಾಥರು ವಾದ್ಯದಲ್ಲೂ ಕೆಲವು ಮಾರ್ಪಾಡು ಮಾಡಿಕೊಂಡರು. ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಅನಂತರ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿತರು. ಗೋಪಾಲಕೃಷ್ಣನ್ ಸ್ಯಾಕ್ಸೋಫೋನ್ ವಾದಕರಲ್ಲ; ಗಾಯಕರು, ಮೃದಂಗ ವಿದ್ವಾಂಸರು. ಗುರು ಹಾಡಿದ್ದನ್ನು ಶಿಷ್ಯ ವಾದ್ಯಕ್ಕೆ ಇಳಿಸಿಕೊಳ್ಳಬೇಕಿತ್ತು.

ಫಲ ತಡವಾದರೂ ದೊಡ್ಡದಾಗಿಯೇ ಬಂತು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಇವರ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮನೇಡ್ ಕಛೇರಿಗೆ ಆಹ್ವಾನ ಬಂತು. ಕರ್ನಾಟಕ ಸಂಗೀತಗಾರರಲ್ಲಿ ಆ ಗೌರವ ಪಡೆದ ಮೊದಲಿಗರು ಇವರೇ. ಅದೇ ವರ್ಷ ತೆರೆಕಂಡ ಬಾಲಚಂದರ್ ಅವರ ‘ಡ್ಯುಯೆಟ್’ ತಮಿಳು ಚಿತ್ರದಲ್ಲಿ ಇವರ ವಾದನ ಮನೆಮಾತಾಯಿತು. 2004ರಲ್ಲಿ ಪದ್ಮಶ್ರೀ ದೊರೆಯಿತು. 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ನಿಧನರಾದರು.

ಇವರು ಹಾಕಿದ ಹಾದಿ ಎಷ್ಟು ದೂರ ಹೋಯಿತೆಂಬುದಕ್ಕೆ ಒಂದು ಉದಾಹರಣೆ: ರುದ್ರೇಶ್ ಮಹಾಂತಪ್ಪ, ಅಮೆರಿಕದ ಕೊಲೊರಾಡೊದಲ್ಲಿ ನೆಲೆಸಿದ ಕನ್ನಡ ಕುಟುಂಬದ ಮಗ. ತಂದೆ ಭೌತವಿಜ್ಞಾನಿ, ಮಗ ಆರಿಸಿಕೊಂಡದ್ದು ಜಾಝ್ ಸ್ಯಾಕ್ಸೋಫೋನ್. ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ಕೊಟ್ಟ. ತಮಾಷೆ ಅಲ್ಲಿಗೆ ನಿಲ್ಲಲಿಲ್ಲ. ಮುಂದೆ ರುದ್ರೇಶ್ ಗೋಪಾಲನಾಥರನ್ನು ಕಂಡು ಜೊತೆಗೂಡಿ ನುಡಿಸಿದರು; 2008ರಲ್ಲಿ ಇಬ್ಬರ ‘ಕಿನ್ಸ್‌ಮೆನ್’ ಹೊರಬಂತು. ಅದಕ್ಕೂ ಮೊದಲು, 2004ರ ‘ಮದರ್ ಟಂಗ್’ನಲ್ಲಿ ಜನರ ಮಾತಿನ ಏರಿಳಿತಗಳನ್ನೇ ರುದ್ರೇಶ್ ಸಂಗೀತವಾಗಿಸಿದ್ದರು. ಅದರ ಒಂದು ರಚನೆಯ ಹೆಸರು ‘ಕನ್ನಡ’. 2016ರಲ್ಲಿ ಅವರು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾಝ್ ವಿಭಾಗದ ನಿರ್ದೇಶಕರಾದರು.

ಒಬ್ಬರು ತಂದೆಯ ಕಲೆಯನ್ನೇ ಹೊಸ ವಾದ್ಯಕ್ಕೆ ಒಯ್ದರು, ಇನ್ನೊಬ್ಬರು ತಂದೆಯ ವೃತ್ತಿಯಿಂದ ದೂರ ನಡೆದರು. ಇಬ್ಬರಿಗೂ ಸಮಾನವಾದದ್ದು ಬಿಡದ ಅಭ್ಯಾಸ. ಮಗ ಅಥವಾ ಮಗಳು ವಾದ್ಯ ಕಲಿಯುವೆನೆಂದಾಗ ‘ಇದರಿಂದ ಹೊಟ್ಟೆ ತುಂಬುವುದೇ?’ ಎಂದು ಹೆತ್ತವರು ಕೇಳುವುದು ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಒಂದೆರಡು ವರ್ಷದಲ್ಲೇ ಉತ್ತರ ಬಯಸುವುದು ಸರಿಯಲ್ಲ. ಗೋಪಾಲನಾಥರ ಇಪ್ಪತ್ತು ವರ್ಷಗಳಿಗೆ ಅಂಕಪಟ್ಟಿ ಕೊಡುವವರು ಯಾರೂ ಇರಲಿಲ್ಲ.